ಮನೆಯಲ್ಲಿರುವ ಮಗನ ಸಾಲ



ಸಾಲ ಎಂದ ಕೂಡಲೆ ನಮ್ಮ ರೈತರಿಗೆ ನೆನಪಾಗುವುದು ಬೆಳೆ ಸಾಲ, ಪಂಪ್‌ಸೆಟ್ಟಿನ ಸಾಲ, ಹಸುವಿನ ಸಾಲ. ಇಂದು ಹೇಳಹೊರಟಿರುವುದು ಆ ಸಾಲವಲ್ಲ. ನಿಮ್ಮ ಮನೆಯಲ್ಲೇ ಉಂಡು, ನಿಮ್ಮ ಪಡಸಾಲೆಯಲ್ಲೇ ಮಲಗಿ, ಬೆಳಿಗ್ಗೆ ಎದ್ದು ಪೇಟೆಯ ಕೆಲಸಕ್ಕೆ ಹೋಗಿಬರುವ ಮಗನಿದ್ದಾನಲ್ಲ, ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸಿನವನು, ಅವನು ತನ್ನ ಹೆಸರಿನಲ್ಲಿ ಮಾಡಿಕೊಂಡಿರುವ ಸಾಲ. ಬೈಕಿನ ಸಾಲ, ಮೊಬೈಲಿನ ಕಂತು, ಯಾರದೋ ಕೈಸಾಲ, ಫೋನಿನಲ್ಲೇ ಬಂದ ಸಾಲ. ಇದು ಗಂಡುಮಕ್ಕಳಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. ಗಾರ್ಮೆಂಟ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.

ಈ ಸಾಲದ ಮೊದಲ ಗುಣವೇನೆಂದರೆ ಮನೆಯವರಿಗೆ ಅದು ಗೊತ್ತಿರುವುದಿಲ್ಲ. ತಾಯಿಗೆ ಅರ್ಧ ಗೊತ್ತಿರುತ್ತದೆ, ತಂದೆಗೆ ಏನೂ ಗೊತ್ತಿರುವುದಿಲ್ಲ. ಒಂದು ದಿನ ಮಧ್ಯಾಹ್ನ ಗಂಡಸರೆಲ್ಲ ಹೊಲದಲ್ಲಿರುವಾಗ ವಸೂಲಿಗೆ ಬಂದವನು ಬಾಗಿಲಲ್ಲಿ ನಿಂತು, "ನಿಮ್ಮ ಮಗ ಮೂರು ಕಂತು ಕಟ್ಟಿಲ್ಲಮ್ಮ" ಎಂದು ನಾಲ್ಕು ಮನೆಗೆ ಕೇಳುವ ಹಾಗೆ ಹೇಳುತ್ತಾನೆ. ಆ ದಿನ ಮನೆಯಲ್ಲಿ ಆಗುವ ರಂಪವನ್ನು ನಾನು ವಿವರಿಸಬೇಕಾಗಿಲ್ಲ. ರಂಪ ಮುಗಿದ ಮೇಲೆ ಏನಾಗುತ್ತದೆ ಎಂಬುದೇ ಮುಖ್ಯ. ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಒಂದೋ ತಂದೆ ಕೋಪದಲ್ಲಿ, "ನೀನು ಮಾಡಿದ್ದು, ನೀನೇ ತೀರಿಸ್ಕೋ, ನನ್ನ ಮುಂದೆ ಬರಬೇಡ" ಎಂದುಬಿಡುತ್ತಾನೆ. ಇಲ್ಲವೇ ಮಾನಕ್ಕೆ ಅಂಜಿ ಕರೆಯುವ ಹಸುವನ್ನು ಮಾರಿ, ಹೆಂಡತಿಯ ಕೊರಳ ಸರ ಅಡವಿಟ್ಟು, ಒಂದೇ ದಿನದಲ್ಲಿ ಎಲ್ಲವನ್ನೂ ಚುಕ್ತಾ ಮಾಡಿಬಿಡುತ್ತಾನೆ. ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ಲೆಕ್ಕ ಹಾಕಿ ನೋಡೋಣ.

ಅದಕ್ಕೂ ಮೊದಲು ಹುಡುಗರಿಗೆ ಒಂದು ಮಾತು. ಅಪ್ಪನಿಗೆ ಹೇಳುವುದು ಹೇಗೆ ಎಂಬುದೇ ನಿಮಗೆ ದೊಡ್ಡ ಬೆಟ್ಟ. ಊಟಕ್ಕೆ ಕೂತಾಗ ಹೇಳಬೇಡಿ, ನಂಟರಿಷ್ಟರು ಬಂದಿರುವಾಗ ಹೇಳಬೇಡಿ. ಮಳೆ ಕೈಕೊಟ್ಟ ವಾರದಲ್ಲೂ ಬೇಡ. ಹೊಲದಲ್ಲಿ ಇಬ್ಬರೇ ಕೆಲಸ ಮಾಡುವ ದಿನ ನೋಡಿಕೊಂಡು ಹೇಳಿ. ಹೇಳುವಾಗ ಪೂರ್ತಿ ಹೇಳಿ. ತೊಂಬತ್ತು ಸಾವಿರ ಇರುವಾಗ "ಒಂದಿಪ್ಪತ್ತು ಸಾವಿರ ಐತೆ ಅಪ್ಪಾ" ಎಂದು ಹೇಳಿ, ಮುಂದಿನ ತಿಂಗಳು ಇನ್ನಿಪ್ಪತ್ತು, ಆಮೇಲೆ ಮತ್ತೊಂದಿಷ್ಟು ಎಂದು ಬಿಡಿಸುತ್ತ ಹೋದರೆ, ಸಾಲಕ್ಕಿಂತ ಹೆಚ್ಚಾಗಿ ಆ ಸುಳ್ಳೇ ತಂದೆಯನ್ನು ಕುಗ್ಗಿಸುತ್ತದೆ. ಮೊದಲ ಸಲವೇ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಕೈಗೆ ಕೊಡಿ. ಅಪ್ಪನಿಗೆ ಓದು ಬಾರದಿದ್ದರೆ ಓದಿ ಹೇಳಿ. ಹಾಲಿನ ಡೈರಿ ಪುಸ್ತಕದ ಹಿಂದಿನ ಹಾಳೆಯಾದರೂ ಸಾಕು. ಯಾರಿಗೆ ಕೊಡಬೇಕು, ಅಸಲು ಎಷ್ಟು ಉಳಿದಿದೆ, ಬಡ್ಡಿ ಎಷ್ಟು, ತಿಂಗಳ ಯಾವ ತಾರೀಖಿಗೆ ಕಟ್ಟಬೇಕು, ಯಾರಿಗೆ ಏನು ಬರೆದುಕೊಟ್ಟಿದ್ದೀರಿ. ಈ ಕೊನೆಯದನ್ನು ಮರೆಯಬೇಡಿ. ಪ್ರೋನೋಟಿಗೆ ಸಹಿ ಹಾಕಿದ್ದರೆ, ಖಾಲಿ ಚೆಕ್ಕು ಕೊಟ್ಟಿದ್ದರೆ, ಅದು ಮನೆಯವರಿಗೆ ಗೊತ್ತಿರಲೇಬೇಕು.

ತಂದೆಯಂದಿರಿಗೂ ಒಂದು ಮಾತು. ಹೇಳಿದ ದಿನ ಬೈದರೆ ಬೈಯಿರಿ, ಅದು ನಿಮ್ಮ ಹಕ್ಕು. ಆದರೆ "ಮನೆ ಬಿಟ್ಟು ಹೋಗು" ಎಂದು ಮಾತ್ರ ಅನ್ನಬೇಡಿ. ಮಗ ಮನೆಯಲ್ಲಿರುವುದೇ ಈ ಸಾಲ ತೀರಲು ಇರತಕ್ಕ ದೊಡ್ಡ ಬಂಡವಾಳ. ಪೇಟೆಯಲ್ಲಿ ಕೋಣೆ ಮಾಡಿಕೊಂಡರೆ ಬಾಡಿಗೆ, ಮುಂಗಡ, ಹೋಟೆಲಿನ ಊಟ, ಕರೆಂಟು ಬಿಲ್ಲು. ಸಂಬಳದ ಅರ್ಧ ಅಲ್ಲಿಗೇ ಹೋಗುತ್ತದೆ. ಮನೆಯಲ್ಲಿದ್ದರೆ ಆ ಅರ್ಧ ಸಾಲಕ್ಕೆ ಹೋಗಬಹುದು. ಕೋಪದಲ್ಲಿ ಆಡಿದ ಒಂದು ಮಾತಿನಿಂದ ಅಷ್ಟು ದುಡ್ಡು ಕೈಬಿಟ್ಟಂತಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಮನೆಯನ್ನು ಊಹಿಸಿಕೊಳ್ಳಿ. ಎರಡೂವರೆ ಎಕರೆ ಹೊಲ, ಎರಡು ಹಸು. ಮಗನಿಗೆ ತಿಂಗಳಿಗೆ 15,000 ರೂಪಾಯಿ ಸಂಬಳ ಕೈಗೆ ಬರುತ್ತದೆ. ಅವನ ಹಾಳೆಯಲ್ಲಿರುವ ಸಾಲ ಹೀಗಿದೆ. ಊರಿನವರೊಬ್ಬರ ಹತ್ತಿರ ಮೂರು ರೂಪಾಯಿ ಬಡ್ಡಿಗೆ ತಂದ ಕೈಸಾಲ 30,000. ಬೈಕಿನ ಸಾಲದಲ್ಲಿ ತಿಂಗಳಿಗೆ 3,100ರಂತೆ ಇನ್ನು 14 ಕಂತು, ಅಂದರೆ 43,400. ಮೊಬೈಲಿಗೆ 2,000ದಂತೆ 4 ಕಂತು, 8,000. ಫೋನಿನ ಆ್ಯಪಿನಲ್ಲಿ ತೆಗೆದ 5,000. ಸ್ನೇಹಿತನಿಗೆ ಬಡ್ಡಿಯಿಲ್ಲದೆ ಕೊಡಬೇಕಾದ 4,000. ಎಲ್ಲ ಕೂಡಿದರೆ 90,400.

ಇವುಗಳಲ್ಲಿ ಯಾವುದು ಕೆಟ್ಟ ಸಾಲ? ಬಹಳ ಮಂದಿ ದೊಡ್ಡ ಮೊತ್ತದ್ದೇ ದೊಡ್ಡ ಸಾಲ ಎಂದುಕೊಂಡು ಬೈಕಿನ ಕಡೆ ಬೆರಳು ತೋರಿಸುತ್ತಾರೆ. ಹಾಗಲ್ಲ. ಸಾಲದ ಕೆಡುಕನ್ನು ಅಳೆಯಬೇಕಾದದ್ದು ಬಡ್ಡಿಯಿಂದ. ಮೂರು ರೂಪಾಯಿ ಬಡ್ಡಿ ಎಂದರೆ ಕೇಳುವುದಕ್ಕೆ ಎಷ್ಟು ಹಗುರ! ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. 30,000ಕ್ಕೆ ತಿಂಗಳಿಗೆ 900, ವರ್ಷಕ್ಕೆ 10,800. ಬಡ್ಡಿಯನ್ನು ಮಾತ್ರ ತಪ್ಪದೆ ಕಟ್ಟುತ್ತ ಬಂದರೆ ಮೂರು ವರ್ಷದಲ್ಲಿ 32,400 ಕೊಟ್ಟಿರುತ್ತೀರಿ, ಅಸಲು ಹಾಗೇ 30,000 ಕೂತಿರುತ್ತದೆ. ನಮ್ಮ ರಾಜ್ಯದಲ್ಲಿ ಲೇವಾದೇವಿಗೆ 1961ರ ಕಾಯಿದೆಯಿದೆ. ಅದರಂತೆ ಲೈಸೆನ್ಸು ಪಡೆದ ಲೇವಾದೇವಿಗಾರ ಒತ್ತೆ ಇದ್ದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 14, ಒತ್ತೆ ಇಲ್ಲದ ಸಾಲಕ್ಕೆ 16 ಬಡ್ಡಿಯನ್ನು ಮೀರುವಂತಿಲ್ಲ. ಮೂರು ರೂಪಾಯಿ ಬಡ್ಡಿ ಅದರ ಎರಡರಷ್ಟಕ್ಕಿಂತ ಹೆಚ್ಚು ಎಂಬುದನ್ನು ನೀವೇ ನೋಡಿಕೊಳ್ಳಿ.

ಫೋನಿನ ಸಾಲವನ್ನು ನೋಡಿ. 5,000 ಎಂದು ಬರೆಸಿಕೊಂಡು, ಅದರಲ್ಲಿ ಶುಲ್ಕ ಹಿಡಿದು 3,800 ಕೈಗೆ ಕೊಟ್ಟು, ಹದಿನೈದು ದಿನಕ್ಕೆ 5,000 ವಾಪಸು ಕೇಳುತ್ತಾರೆ. ಬಂದದ್ದು 3,800, ಅದರ ಮೇಲೆ ಕೊಟ್ಟದ್ದು 1,200. ನೂರಕ್ಕೆ ಮೂವತ್ತೊಂದು ರೂಪಾಯಿಗೂ ಹೆಚ್ಚು. ವರ್ಷಕ್ಕಲ್ಲ, ಹದಿನೈದು ದಿನಕ್ಕೆ! ಹಿಂದಿನ ಕಾಲದ ಮಾರವಾಡಿಯನ್ನೂ ಪಠಾಣನನ್ನೂ ಬೈಯುತ್ತಿದ್ದ ನಮ್ಮ ಹಿರಿಯರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ.

ಇನ್ನು ಬೈಕು. ಅಂಗಡಿಯಲ್ಲಿ "ಬರೀ ಹನ್ನೆರಡು ಪರ್ಸೆಂಟು" ಎಂದು ಹೇಳಿರುತ್ತಾರೆ. 60,000 ಸಾಲ, ಎರಡು ವರ್ಷಕ್ಕೆ ಬಡ್ಡಿ 14,400, ಒಟ್ಟು 74,400, ಅದನ್ನು 24 ಕಂತಿಗೆ ಹಂಚಿದರೆ 3,100. ಲೆಕ್ಕ ಸರಿಯಾಗಿಯೇ ಇದೆಯಲ್ಲ ಎನ್ನುವಿರಿ. ಆದರೆ ನೀವು ತಿಂಗಳು ತಿಂಗಳೂ ಅಸಲನ್ನೂ ಸ್ವಲ್ಪ ಸ್ವಲ್ಪ ತೀರಿಸುತ್ತಿದ್ದೀರಿ. ಉಳಿದ ಅಸಲಿನ ಮೇಲೆ ಬಡ್ಡಿ ಕಡಿಮೆಯಾಗಬೇಕಲ್ಲವೇ? ಇಲ್ಲಿ ಆಗುವುದಿಲ್ಲ. ಕೊನೆಯ ಕಂತಿನವರೆಗೂ ಪೂರ್ತಿ 60,000ದ ಮೇಲೆಯೇ ಬಡ್ಡಿ ಹಾಕಿರುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ನೂರಕ್ಕೆ ಸುಮಾರು ಇಪ್ಪತ್ತೊಂದೂವರೆ ಬೀಳುತ್ತದೆ. ಆದುದರಿಂದ ಸಾಲ ತೆಗೆಯುವಾಗ "ಇಳಿಯುವ ಅಸಲಿನ ಮೇಲೆ ಬಡ್ಡಿ ಎಷ್ಟು?" ಎಂದು ಕೇಳಬೇಕು. 2024ರ ಅಕ್ಟೋಬರಿನಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಇಂಥ ಸಾಲ ಕೊಡುವ ಮುಂಚೆ, ಎಲ್ಲ ಶುಲ್ಕ ಸೇರಿ ವಾರ್ಷಿಕ ದರ ಎಷ್ಟು ಬೀಳುತ್ತದೆ ಎಂಬುದನ್ನು ತಿಳಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಕೇಳಿ ಪಡೆಯಿರಿ.

ಸರಿ, ತೀರಿಸುವ ಬಗೆ. 15,000ದಲ್ಲಿ ಮಗ ಮನೆಗೆ 3,000 ಕೊಡಲಿ. ಪೆಟ್ರೋಲು, ಫೋನು, ಚಹಾ, ತಲೆಗೂದಲು ಎಲ್ಲ ಸೇರಿ 3,000 ತನ್ನ ಕೈಖರ್ಚಿಗೆ ಇಟ್ಟುಕೊಳ್ಳಲಿ. ಉಳಿದ 9,000 ಸಾಲಕ್ಕೆ. "ಸಾಲ ಇರುವ ಹುಡುಗನ ಹತ್ತಿರ ಮನೆಖರ್ಚು ಯಾಕೆ ಇಸ್ಕೊಬೇಕು ಸ್ವಾಮಿ, ಅದನ್ನೂ ಸಾಲಕ್ಕೇ ಕಟ್ಟಲಿ" ಎಂದು ತಾಯಂದಿರು ಕೇಳಬಹುದು. ಕೇಳುವುದರಲ್ಲಿ ನ್ಯಾಯವಿದೆ. ಆದರೂ ಸ್ವಲ್ಪವಾದರೂ ತೆಗೆದುಕೊಳ್ಳುವುದೇ ಒಳ್ಳೆಯದು. ಅಕ್ಕಿ ಬೇಳೆಗೆ ಬೆಲೆಯುಂಟು ಎಂಬುದು ತಿಳಿದವನು ಇನ್ನೊಂದು ಮೊಬೈಲಿನ ಅಂಗಡಿ ಮೆಟ್ಟಿಲು ಹತ್ತುವ ಮುಂಚೆ ಒಂದು ಸಲ ನಿಲ್ಲುತ್ತಾನೆ. ತೀರಾ ಕಷ್ಟವಾದರೆ ಆ 3,000ಕ್ಕೆ ಬದಲು ವಾರದ ರಜೆಯಲ್ಲಿ ಹೊಲದ ಕೆಲಸ ಮಾಡಲಿ, ಕಳೆ ಕೀಳುವಾಗಲೋ ಕೊಯ್ಲಿನಲ್ಲೋ ಒಂದಾಳು ಕೂಲಿ ಉಳಿಯುತ್ತದೆ. ಅದನ್ನೂ ಹಾಳೆಯಲ್ಲಿ ಬರೆಯಿರಿ.

ಮೊದಲ ತಿಂಗಳು ಬೈಕಿನ ಕಂತು, ಮೊಬೈಲಿನ ಕಂತು, ಕೈಸಾಲದ ಬಡ್ಡಿ ಹೋಗಿ 3,000 ಉಳಿಯುತ್ತದೆ. ಅದಕ್ಕೆ ತಾಯಿಯ ಹಾಲಿನ ಬಟವಾಡೆಯಿಂದ 2,000 ಕೈಗಡ ಸೇರಿಸಿ ಆ ಫೋನಿನ 5,000ವನ್ನು ಚುಕ್ತಾ ಮಾಡಿ, ಆ್ಯಪನ್ನು ಫೋನಿನಿಂದ ತೆಗೆದುಹಾಕಬೇಕು. ಎರಡನೇ ತಿಂಗಳು ತಾಯಿಯ 2,000 ಮೊದಲು ವಾಪಸಾಗಬೇಕು. ತಾಯಿಯ ದುಡ್ಡು ತಾನೇ ಎಂದು ತಳ್ಳಬೇಡಿ, ಆ ದುಡ್ಡಿನಲ್ಲಿ ಹಿಂಡಿ ಬೂಸಾ ಬರಬೇಕು. ಉಳಿದ 1,000 ಕೈಸಾಲದ ಅಸಲಿಗೆ. ಮೂರನೇ ತಿಂಗಳಿನಿಂದ ಮೂರು ಸಾವಿರದಷ್ಟು ಅಸಲಿಗೇ ಬೀಳುತ್ತದೆ. ನಾಲ್ಕನೇ ತಿಂಗಳಿಗೆ ಮೊಬೈಲಿನ ಕಂತು ಮುಗಿಯುತ್ತದೆ. ಇಲ್ಲೇ ಎಚ್ಚರ ಬೇಕಾದದ್ದು! 2,000 ಬಿಡುವಾಯಿತೆಂದು ಹುಡುಗನ ಕೈ ಹೊಸ ಅಂಗಿಯ ಕಡೆ ಹೋಗುತ್ತದೆ, ಮನೆಯವರ ಕಣ್ಣು ಊರ ಜಾತ್ರೆಯ ಕಡೆ ಹೋಗುತ್ತದೆ. ಆ 2,000ವನ್ನೂ ಕೈಸಾಲಕ್ಕೇ ಹಾಕಿದರೆ ಐದನೇ ತಿಂಗಳಿನಿಂದ ಅಸಲಿಗೆ ಐದು ಸಾವಿರಕ್ಕೂ ಮೇಲೆ ಹೋಗುತ್ತದೆ. ಬಡ್ಡಿಯೂ ಇಳಿಯುತ್ತ ಬರುತ್ತದೆ, 900 ಇದ್ದದ್ದು 685, 529, 368, 202. ಒಂಬತ್ತನೇ ತಿಂಗಳಿಗೆ ಬಡ್ಡಿ 31 ರೂಪಾಯಿ, ಅಸಲು 1,033 ಮಾತ್ರ. ಅದು ತೀರಿ, ಅದೇ ತಿಂಗಳಲ್ಲಿ ಸ್ನೇಹಿತನ 4,000ವೂ ತೀರುತ್ತದೆ. ಒಂಬತ್ತು ತಿಂಗಳಲ್ಲಿ ಕೈಸಾಲಕ್ಕೆ ಕೊಟ್ಟ ಬಡ್ಡಿ ಒಟ್ಟು 5,264. ಬರೀ ಬಡ್ಡಿ ಕಟ್ಟಿಕೊಂಡು ಕೂತಿದ್ದರೆ 8,100 ಹೋಗಿ 30,000 ಹಾಗೇ ಉಳಿದಿರುತ್ತಿತ್ತು.

ಆಗ ಉಳಿಯುವುದು ಬೈಕಿನ ಐದು ಕಂತು, 15,500. ಅದನ್ನು ಮುಂಚಿತವಾಗಿ ಒಟ್ಟಿಗೆ ಕಟ್ಟುವ ಮುನ್ನ ಕಂಪನಿಯವರನ್ನು, "ಇಂದು ಚುಕ್ತಾ ಮಾಡಿದರೆ ಎಷ್ಟು?" ಎಂದು ಬರವಣಿಗೆಯಲ್ಲಿ ಕೇಳಿ. ಮುಂಗಡ ಮುಗಿಸುವ ಶುಲ್ಕ ಹಾಕಿ ಲಾಭವೆಲ್ಲ ತಿನ್ನುವುದಾದರೆ ತಿಂಗಳು ತಿಂಗಳೇ ಕಟ್ಟಿ.

ಕೈಸಾಲದಲ್ಲಿ ಇನ್ನೊಂದು ತೊಡಕು ಬರುತ್ತದೆ. "ಸಾವಿರ ಎರಡು ಸಾವಿರ ಅಂತ ತರಬೇಡಪ್ಪ, ಅಸಲು ಒಂದೇ ಗಂಟಾಗಿ ತಾ, ಅಲ್ಲಿವರೆಗೆ ಬಡ್ಡಿ ಕೊಡು ಸಾಕು" ಎನ್ನುವವರುಂಟು. ಬಡ್ಡಿ ಬರುವ ಹಸುವನ್ನು ಯಾರು ತಾನೇ ಬಿಡುತ್ತಾರೆ? ಅಂಥವರ ಹತ್ತಿರ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ, ಮೂರು ಗಂಟಿನಲ್ಲಿ ಹತ್ತು ಹತ್ತು ಸಾವಿರ ಕೊಡುವುದೆಂದು, ಕೊಟ್ಟಷ್ಟಕ್ಕೆ ಬಡ್ಡಿ ನಿಲ್ಲಬೇಕೆಂದು ಮಾತಾಡಿ. ಗಂಟು ಕೂಡುವವರೆಗೆ ದುಡ್ಡು ಮನೆಯ ಡಬ್ಬದಲ್ಲಿರುವುದು ಬೇಡ, ಸೊಸೈಟಿಯ ಪಿಗ್ಮಿಯಲ್ಲೋ ಅಂಚೆ ಕಚೇರಿಯಲ್ಲೋ ಇರಲಿ. ಪಿಗ್ಮಿ ನಮ್ಮ ಕರಾವಳಿಯಲ್ಲೇ 1928ರಲ್ಲಿ ಹುಟ್ಟಿದ ಪದ್ಧತಿ, ದಿನಕ್ಕೆ ಎರಡಾಣೆಯಂತೆ ಕೂಡಿಸುವವರಿಗಾಗಿ ಹುಟ್ಟಿದ್ದು. ಕೊಡುವ ದಿನ ಬ್ಯಾಂಕಿನ ಮೂಲಕವೋ ಫೋನಿನ ಮೂಲಕವೋ ಕೊಟ್ಟರೆ ದಾಖಲೆ ಉಳಿಯುತ್ತದೆ. ಕೈಯಲ್ಲೇ ಕೊಟ್ಟರೆ ಪ್ರೋನೋಟಿನ ಹಿಂಬದಿಯಲ್ಲಿ "ಇಂಥ ದಿನ ಇಷ್ಟು ಬಂತು" ಎಂದು ಬರೆಸಿ ಸಹಿ ಹಾಕಿಸಿ.

ಈಗ ಹಸುವಿನ ಮಾತು. ಹಸು ಮಾರಿ ಸಾಲ ತೀರಿಸುವುದು ಯಾಕೆ ಸರಿಯಲ್ಲ? ಕರೆಯುವ ಹಸು ಹದಿನೈದು ದಿನಕ್ಕೊಮ್ಮೆ ಡೈರಿಯಿಂದ ದುಡ್ಡು ತರುತ್ತದೆ, ಗೊಬ್ಬರ ಕೊಡುತ್ತದೆ, ಕರು ಕೊಡುತ್ತದೆ. ಅದನ್ನು ಮಾರಿದರೆ ಮಗನ ಸಾಲ ಹೋಯಿತು, ಮನೆಯ ಸಂತೆಯ ದುಡ್ಡೂ ಹೋಯಿತು. ಆರು ತಿಂಗಳು ಕಳೆಯುವುದರೊಳಗೆ ಮನೆಖರ್ಚಿಗೆಂದು ತಂದೆಯೇ ಕೈಸಾಲಕ್ಕೆ ಹೋಗುತ್ತಾನೆ. ಕರೆಯದ, ಕಟ್ಟಿ ಮೇಯಿಸುವ ದನವೊಂದಿದ್ದರೆ ಅದು ಬೇರೆ ಮಾತು. ಒಡವೆಯ ವಿಷಯದಲ್ಲಿ ನಾನು ಅಷ್ಟು ಬಿಗಿಯಾಗಿ ಹೇಳಲಾರೆ. ಬೀರುವಿನಲ್ಲಿ ಸುಮ್ಮನೆ ಕೂತ ಒಡವೆಯನ್ನು ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಇಟ್ಟು, ಮೂವತ್ತಾರರ ಬಡ್ಡಿಯನ್ನು ಮುಗಿಸುವುದು ಲೆಕ್ಕಕ್ಕೆ ಸರಿ. ಆದರೆ ಮಗ ತಿಂಗಳು ತಿಂಗಳು ಆ ಸಾಲಕ್ಕೆ ಕಟ್ಟುತ್ತಾನೆಂಬ ಭರವಸೆ ಇದ್ದರೆ ಮಾತ್ರ. ಮೂರು ತಿಂಗಳು ಕೈಸಾಲಕ್ಕೆ ಸರಿಯಾಗಿ ಕಟ್ಟಿ ತೋರಿಸಲಿ, ಆಮೇಲೆ ಸರವನ್ನು ಕೇಳಲಿ. ಒಡವೆ ತಾಯಿಯದು, ತೀರ್ಮಾನವೂ ತಾಯಿಯದೇ ಆಗಬೇಕು.

ಒಂದು ಕೆಲಸವನ್ನು ಮಾತ್ರ ಎಂದೂ ಮಾಡಕೂಡದು. ಹೊಲದ ಮೇಲೆ ತಂದ ಬೆಳೆ ಸಾಲವನ್ನು ಮಗನ ಬೈಕಿಗೋ ಕೈಸಾಲಕ್ಕೋ ತಿರುಗಿಸುವುದು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿಯಿಲ್ಲ. ಆ ಮಿತಿಯನ್ನು 2023ರ ಮುಂಗಡಪತ್ರದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಬಡ್ಡಿಯಿಲ್ಲದಿರುವುದು ಗಡುವಿನೊಳಗೆ ಕಟ್ಟಿದವರಿಗೆ. ಮಗನ ಕಂತಿಗೆಂದು ಆ ದುಡ್ಡು ಮುರಿದು, ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿ ತಪ್ಪುತ್ತದೆ, ಮುಂದಿನ ಮುಂಗಾರಿಗೆ ಬೀಜ ಗೊಬ್ಬರಕ್ಕೆ ಸಂಘದ ಬಾಗಿಲೂ ಮುಚ್ಚುತ್ತದೆ.

ಆ ಬಾಗಿಲು ಸುಮ್ಮನೆ ತೆರೆದದ್ದಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಅದು ಮೊದಲನೆಯದೆಂದು ಹೆಸರಾಗಿದೆ. ಅದಾಗಿ ಅರ್ಧ ಶತಮಾನ ಕಳೆಯುತ್ತ ಬಂದಾಗಲೂ, 1951-52ರ ಅಖಿಲ ಭಾರತ ಗ್ರಾಮೀಣ ಪತ್ತು ಸಮೀಕ್ಷೆಯಲ್ಲಿ ಕಂಡದ್ದೇನು? ರೈತ ತಂದ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳದು ಮೂರು ರೂಪಾಯಿಯ ಚಿಲ್ಲರೆ, ಲೇವಾದೇವಿಗಾರರದು ಎಪ್ಪತ್ತರ ಹತ್ತಿರ. ಅಲ್ಲಿಂದ ಇಲ್ಲಿಗೆ ಬರಲು ನಮ್ಮ ಹಿರಿಯರು ಪಟ್ಟ ಪಾಡು ಸಣ್ಣದಲ್ಲ.

ತಾಯಂದಿರಲ್ಲಿ ಒಂದು ಬಿನ್ನಹ. ಮಗನಿಗಾಗಿ ಸ್ತ್ರೀಶಕ್ತಿ ಸಂಘದಲ್ಲೋ, ವಾರದ ಕಂತಿನ ಗುಂಪಿನಲ್ಲೋ ನಿಮ್ಮ ಹೆಸರಿಗೆ ಸಾಲ ತೆಗೆಯುವಿರಿ. ಮಗನ ಸಾಲ ಅಲ್ಲಿಗೆ ತೀರಲಿಲ್ಲ, ನಿಮ್ಮ ತಲೆಗೆ ಬಂತು ಅಷ್ಟೆ. ಕಂತು ತಪ್ಪಿದ ವಾರ ಗುಂಪಿನ ಉಳಿದ ಹೆಂಗಸರು ತಮ್ಮ ಕೂಲಿ ದುಡ್ಡಿನಿಂದ ತುಂಬಬೇಕಾಗುತ್ತದೆ, ನೀವು ನೀರಿಗೆ ಹೋಗುವಾಗ ತಲೆತಗ್ಗಿಸಬೇಕಾಗುತ್ತದೆ. ಇನ್ನು ಮಗಳ ಸಂಬಳದಿಂದ ಅಣ್ಣನ ಬೈಕಿನ ಕಂತು ಕಟ್ಟಿಸುವ ಮನೆಗಳೂ ಇವೆ. ಮಗಳು ಮದುವೆಯಾಗಿ ಹೋಗುವವಳು, ಅವಳಿಗೇಕೆ ಕೂಡಿಡಬೇಕು ಎಂಬ ವಾದ ಬೇರೆ! ಬೆಳಗಿನ ಜಾವಕ್ಕೆ ಎದ್ದು ಕಾರ್ಖಾನೆಯ ವ್ಯಾನು ಹತ್ತುವ ಮಗಳ ದುಡ್ಡು ಮಗಳದು.

ಮಗ ಮಾಡಿದ ಸಾಲಕ್ಕೆ ತಂದೆ ಹೊಣೆಯೇ ಎಂದು ಬಹಳ ಮಂದಿ ಕೇಳುತ್ತಾರೆ. ವಯಸ್ಸಿಗೆ ಬಂದ ಮಗ ತನ್ನ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಅವನೇ ಹೊಣೆ. ತಂದೆ ಜೊತೆಸಾಲಗಾರನಾಗಿಯೋ ಜಾಮೀನುದಾರನಾಗಿಯೋ ಸಹಿ ಮಾಡಿದ್ದರೆ ಮಾತ್ರ ಹೊಣೆ ಬರುತ್ತದೆ. ಹಾಗೆ ಬಂದ ಹೊಣೆ ಅರ್ಧದ್ದಲ್ಲ. 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. "ಸುಮ್ಮನೆ ಸಾಕ್ಷಿಗೆ ಒಂದು ರುಜು ಹಾಕಿ ಯಜಮಾನ್ರೇ" ಎಂದು ಕೊಟ್ಟ ಕಾಗದದಲ್ಲಿ ಜಾಮೀನು ಎಂದಿರಬಹುದು. ಓದಿಸಿ ಕೇಳದೆ ರುಜು ಹಾಕಬೇಡಿ. ಅವಿಭಕ್ತ ಹಿಂದೂ ಕುಟುಂಬದಲ್ಲಿ ಪಿತ್ರಾರ್ಜಿತ ಆಸ್ತಿ ಇದ್ದರೆ, ಮಗನಿಗೆ ಬರತಕ್ಕ ಪಾಲಿನ ಮೇಲೆ ನ್ಯಾಯಾಲಯದ ಡಿಕ್ರಿಯ ಮೂಲಕ ಸಾಲಗಾರರು ಬರಲು ಅವಕಾಶವುಂಟು ಎಂಬುದೂ ನೆನಪಿರಲಿ. ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟವನಿಗೆ ಇನ್ನೊಂದು ಅಪಾಯ. ಸಾಲಕ್ಕೆ ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸಾದರೆ, ನೋಟೀಸು ಬಂದ ಮೇಲೂ ಕಟ್ಟದಿದ್ದರೆ, ಎರಡು ವರ್ಷದವರೆಗೆ ಸಜೆಯಾಗಬಹುದಾದ ಮೊಕದ್ದಮೆ ಅದು.

ವಸೂಲಿಗೆ ಬರುವವರ ಬಗ್ಗೆಯೂ ತಿಳಿದಿರಬೇಕು. ಸಾಲ ಕೊಟ್ಟವರು ಕೇಳುವುದು ತಪ್ಪಲ್ಲ, ಕೇಳುವ ರೀತಿಗೆ ಮಿತಿಯುಂಟು. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಮನೆಗೆ ಒತ್ತೆಯಿಲ್ಲದೆ ಕೊಡುವ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ. ಬೆಳಿಗ್ಗೆ 9 ಗಂಟೆಗೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನು ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರನ್ನು, ಸ್ನೇಹಿತರನ್ನು, ಜೊತೆ ಕೆಲಸ ಮಾಡುವವರನ್ನು ಕಾಡುವುದು ಕೂಡದು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಅವರು ಸಾಲ ಕೊಡಲೂಬಾರದು. ಇದಲ್ಲದೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು, ಅನಂತರ ಅದು ಕಾಯಿದೆಯಾಯಿತು. ಅದರಲ್ಲಿ ಹತ್ತು ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ ಇದೆ. ಪೊಲೀಸರು ದೂರು ತೆಗೆದುಕೊಳ್ಳಬೇಕು.

ಫೋನಿನ ಸಾಲದವರು ಹುಡುಗನ ಫೋನಿನಲ್ಲಿರುವ ಹೆಸರುಗಳನ್ನೂ ಚಿತ್ರಗಳನ್ನೂ ತೆಗೆದುಕೊಂಡು ಊರವರಿಗೆಲ್ಲ ಕಳಿಸುತ್ತೇವೆಂದು ಹೆದರಿಸುವುದುಂಟು. ಸಾಲದ ಆ್ಯಪುಗಳು ಫೋನಿನ ಹೆಸರಿನ ಪಟ್ಟಿಯನ್ನೂ ಕಡತಗಳನ್ನೂ ಮುಟ್ಟಬಾರದೆಂದು 2022ರಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಹಾಗೆ ಹೆದರಿಸಿದರೆ 1930 ಎಂಬ ನಂಬರಿಗೆ ಫೋನು ಮಾಡಿ, ಅದು ಸೈಬರ್ ವಂಚನೆಯ ದೂರಿನ ನಂಬರು. ಹುಡುಗರೇ, ಇಂಥ ಬೆದರಿಕೆ ಬಂದ ರಾತ್ರಿ ಒಬ್ಬರೇ ಹೊಲದ ಕಡೆ ಹೋಗಿ ಕೂರಬೇಡಿ. ಅಮ್ಮನನ್ನೋ ಅಕ್ಕನನ್ನೋ ಎಬ್ಬಿಸಿ ಹೇಳಿ. ಐದು ಸಾವಿರದ ಸಾಲಕ್ಕಾಗಿ ಮನೆಯವರ ಮುಂದೆ ಒಂದು ಗಳಿಗೆ ತಲೆತಗ್ಗಿಸಿದರೆ ಏನೂ ಕೆಡುವುದಿಲ್ಲ. ನೀವು ಇಲ್ಲದಂತಾದರೆ ಆ ಮನೆ ಮತ್ತೆ ಎದ್ದು ನಿಲ್ಲುವುದಿಲ್ಲ. ಮನೆಯವರೇ, ಮಗ ಊಟ ಬಿಟ್ಟು, ಮಾತು ಬಿಟ್ಟು, ಫೋನು ಬಂದಾಗಲೆಲ್ಲ ಹೊರಗೆ ಓಡುತ್ತಿದ್ದರೆ ನೀವೇ ಮೊದಲು ಕೇಳಿ. "ಯಾಕೋ ಮಗ, ದುಡ್ಡಿನ ತೊಂದರೇನಾ?" ಎಂದು ಮೆತ್ತಗೆ ಕೇಳಿದರೆ ಸಾಕು, ಎಷ್ಟೋ ಸಲ ಎಲ್ಲ ಹೊರಗೆ ಬರುತ್ತದೆ.

ಲೆಕ್ಕ ಹಾಕಿದ ಹಾಗೆ ಒಂಬತ್ತು ತಿಂಗಳೂ ನೆಟ್ಟಗೆ ನಡೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಡುವೆ ಯಾರದೋ ಮದುವೆ ಬರುತ್ತದೆ, ಮುಯ್ಯಿ ಹಾಕಬೇಕು. ಅಜ್ಜಿಗೆ ಜ್ವರ ಬರುತ್ತದೆ. ಕಾರ್ಖಾನೆಯಲ್ಲಿ ಒಂದು ತಿಂಗಳು ಕೆಲಸ ಕಡಿಮೆಯಾಗುತ್ತದೆ. ಆ ತಿಂಗಳು ಬೈಕಿನ ಕಂತನ್ನೂ ಕೈಸಾಲದ ಬಡ್ಡಿಯನ್ನೂ ಮಾತ್ರ ಕಟ್ಟಿ, ಅಸಲನ್ನು ಮುಂದಿನ ತಿಂಗಳಿಗೆ ಬಿಡಿ. ಹೊಸ ಸಾಲ ತಂದು ಹಳೆಯ ಕಂತು ಕಟ್ಟಬೇಡಿ. ಕಂತು ಕಟ್ಟಲಾಗದಂತಿದ್ದರೆ ತಾರೀಖು ದಾಟುವ ಮೊದಲೇ ಸಾಲ ಕೊಟ್ಟವರ ಕಚೇರಿಗೆ ಹೋಗಿ ಹೇಳಿ. ಕಂತು ತಪ್ಪಿದ್ದೆಲ್ಲ ಹುಡುಗನ ಸಾಲದ ದಾಖಲೆಯಲ್ಲಿ ಸೇರುತ್ತದೆ. 300ರಿಂದ 900ರವರೆಗೆ ಅಂಕ ಹಾಕುತ್ತಾರೆ, ನಾಳೆ ಟ್ರ್ಯಾಕ್ಟರಿಗೋ ಮನೆ ಕಟ್ಟಲೋ ಸಾಲ ಕೇಳಿದರೆ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ. ತಂದೆ ಜಾಮೀನು ನಿಂತಿದ್ದರೆ ತಂದೆಯ ದಾಖಲೆಗೂ ಕಪ್ಪು ಹತ್ತುತ್ತದೆ. ಆ ವರದಿಯನ್ನು ಪ್ರತಿಯೊಂದು ಸಾಲಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪುಕ್ಕಟೆ ಕೊಡಬೇಕು. ತರಿಸಿ ನೋಡಿದರೆ ಹುಡುಗ ಮರೆತಿರುವ, ಇಲ್ಲವೇ ಮರೆಮಾಚಿರುವ ಬ್ಯಾಂಕು ಕಂಪನಿಗಳ ಸಾಲವೂ ಅದರಲ್ಲಿ ಕಾಣುತ್ತದೆ. ಕೈಸಾಲ ಮಾತ್ರ ಕಾಣುವುದಿಲ್ಲ.

ಕೊನೆಯ ಕಂತು ಕಟ್ಟಿದ ದಿನ ಸಿಹಿ ಮಾಡಿ ಉಣ್ಣಿ, ಬೇಡ ಎನ್ನುವುದಿಲ್ಲ. ಆದರೆ ಅದೇ ವಾರ ಕಾಗದಗಳನ್ನು ತರಿಸಿಕೊಳ್ಳಿ. ಕೈಸಾಲದವರಿಂದ ಪ್ರೋನೋಟು, ಖಾಲಿ ಚೆಕ್ಕು ವಾಪಸು ಪಡೆದು ಅಲ್ಲೇ ಹರಿಯಿರಿ. ಬೈಕಿನ ಕಂಪನಿಯಿಂದ ಬಾಕಿಯಿಲ್ಲವೆಂಬ ಪತ್ರವನ್ನೂ 35ನೇ ನಮೂನೆಯನ್ನೂ ಪಡೆದು, ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ. ಮೇಲಿರುವ ಸಾಲದ ಗುರುತನ್ನು ತೆಗೆಸಬೇಕು. ಅದನ್ನು ತೆಗೆಸದೆ ಬಿಟ್ಟವರು ಬೈಕು ಮಾರುವ ದಿನ ಪರದಾಡುತ್ತಾರೆ. ಆಸ್ತಿಯ ಪತ್ರವನ್ನು ಬ್ಯಾಂಕಿನಲ್ಲಿಟ್ಟಿದ್ದರೆ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವರು ವಾಪಸು ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕೆಂದು 2023ರ ಡಿಸೆಂಬರಿನಿಂದ ನಿಯಮವಿದೆ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪಹಣಿ, ರೇಷನ್ ಕಾರ್ಡು ಇಡುವ ಪೆಟ್ಟಿಗೆಯಲ್ಲೇ ಇಟ್ಟುಬಿಡಿ.